ಜಾಳಿ ಗ್ಲಾಸ್ ಹಾಕಿಸಬೇಕಾ, ಬೇಡವಾ? ಧಾರವಾಡದ ಹಳೆ ಮನೆ ರಿಪೇರಿ

ಸಪ್ತಾಪುರ ಹಳೆಮನೆ

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ನಮ್ಮ ಅಜ್ಜನ ಕಾಲದ ಮನೆ ಇದೆ. ಈಗ ರಿಪೇರಿಗೆ ತೆಗೆದಿದ್ದೇವೆ. ಪಡಸಾಲೆಯಲ್ಲಿ ಹಗಲಲ್ಲೇ ಕತ್ತಲು. ಹಾಗಾಗಿ ಮಾಳಿಗೆಯಲ್ಲಿ ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದದ ಬೆಳಕಿಂಡಿ ತೆಗೆಸುತ್ತಿದ್ದೇವೆ. ಮೊದಲೂ ಅಲ್ಲೊಂದು ಸಣ್ಣ ಕಿಂಡಿ ಇತ್ತು. ಅದರ ಬಿಸಿಲು ಯಾವ ಕಂಬದ ಬುಡಕ್ಕೆ ಬಂತು ಅಂತ ನೋಡಿಯೇ ನಮ್ಮ ಅಜ್ಜಿ ಒಲೆಯ ಮೇಲೆ ಅನ್ನಕ್ಕೆ ನೀರಿಡುತ್ತಿದ್ದಳು. ಅದಕ್ಕೇ ಆ ಕಿಂಡಿ ಮೇಲೆ ನನಗೆ ಆಸೆ ಜಾಸ್ತಿ.

ಮನೆಯ ಹಿಂಭಾಗದಲ್ಲಿ ಮೇಲೊಂದು ಮಹಡಿ ಇದೆ. ಅದನ್ನು ಟ್ಯೂಷನ್ ನಡೆಸುವವರಿಗೆ ಬಾಡಿಗೆ ಕೊಡಬೇಕು ಅಂತಿದ್ದೇವೆ. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳು ಬರುತ್ತಾರೆ. ಮೆಟ್ಟಿಲ ತುದಿಯಲ್ಲಿ ಒಂದು ಬಾಗಿಲು, ಅದರ ಅರ್ಧ ಭಾಗ ಗಾಜು.

ನಮ್ಮ ಗುತ್ತಿಗೆದಾರರು ಎರಡೂ ಕಡೆ ಜಾಳಿ ಗ್ಲಾಸ್ ಹಾಕೋಣ ಅನ್ನುತ್ತಾರೆ. ಗಾಜಿನೊಳಗೆ ಚೌಕ ಚೌಕ ತಂತಿ ಇರುತ್ತದಲ್ಲ, ಅದು. "ಸ್ಲ್ಯಾಬಿನೊಳಗ ರಾಡ್ ಇದ್ದಂಗರೀ, ಏನೂ ಆಗಂಗಿಲ್ಲ" ಅಂದರು. ಬೆಂಕಿಗೂ ಒಳ್ಳೆಯದಂತೆ. ನನ್ನ ದೊಡ್ಡ ಚಿಂತೆ ಮಂಗಗಳು. ನಮ್ಮ ಓಣಿಯಲ್ಲಿ ಪೇರಲ ಗಿಡದಿಂದ ನೇರ ಮಾಳಿಗೆಗೆ ಹಾರುತ್ತವೆ. ತಿಳಿದವರು ಹೇಳಿ, ಇದು ಸರಿಯಾದ ಆಯ್ಕೆಯಾ?

ಗೋಕುಲ ರೋಡ್ ಗ್ಲಾಸ್ ಕೆಲಸ

ನಾನು ಹುಬ್ಬಳ್ಳಿಯಲ್ಲಿ 22 ವರ್ಷದಿಂದ ಗ್ಲಾಸ್ ಕತ್ತರಿಸುವ ಕೆಲಸ ಮಾಡುತ್ತಿದ್ದೇನೆ. ಒಂದು ವಿಷಯ ಮೊದಲೇ ಒಪ್ಪಿಕೊಳ್ಳುತ್ತೇನೆ. ಎಷ್ಟೋ ವರ್ಷ ನಾನೂ ಗಿರಾಕಿಗಳಿಗೆ "ಗಟ್ಟಿ ಮಾಲು, ಒಳಗೆ ತಂತಿ ಇದೆ" ಅಂತಲೇ ಹೇಳಿ ಮಾರಿದ್ದೇನೆ. ನನಗೆ ಕೆಲಸ ಕಲಿಸಿದವರೂ ಹಾಗೇ ಹೇಳುತ್ತಿದ್ದರು.

ಆದರೆ ಕತ್ತರಿಸುವ ಕೈಗೆ ಬೇರೆಯೇ ಗೊತ್ತಾಗುತ್ತದೆ. ಸಾದಾ 6 ಎಂಎಂ ಗ್ಲಾಸಿಗೆ ಕಟರ್ ಎಳೆದು, ಟೇಬಲ್ ಅಂಚಿಗೆ ತಂದು ಒಮ್ಮೆ ಒತ್ತಿದರೆ ಟಕ್ ಅಂತ ಎರಡು ತುಂಡು. ಜಾಳಿ ಗ್ಲಾಸಿನಲ್ಲಿ ಗಾಜು ಬೇಗ ಬಿಡುತ್ತದೆ, ತಂತಿ ಬಿಡುವುದಿಲ್ಲ. ಎರಡು ತುಂಡೂ ಪುಸ್ತಕದ ರಟ್ಟಿನ ಹಾಗೆ ತಂತಿಯ ಮೇಲೆ ಮಡಚಿಕೊಂಡು ನಿಲ್ಲುತ್ತವೆ. ಹಿಂದೆ ಮುಂದೆ ಎರಡು ಮೂರು ಸಲ ಬಾಗಿಸಿದರೆ ಒಂದೊಂದೇ ತಂತಿ ಕಡಿಯುತ್ತದೆ. ಉಳಿದದ್ದನ್ನು ಇಕ್ಕಳದಿಂದ ಕತ್ತರಿಸುತ್ತೇವೆ. ಅಂಚಿನುದ್ದಕ್ಕೂ ಅರ್ಧ ಇಂಚಿಗೊಂದರಂತೆ ತಂತಿಯ ಮೊನೆ ಉಳಿಯುತ್ತದೆ, ಸೂಜಿ ಇದ್ದ ಹಾಗೆ. ನಮ್ಮ ಹುಡುಗರ ಕೈ ನೋಡಿದರೆ ಯಾವುದರ ಗಾಯ ಅಂತ ಹೇಳಬಹುದು. ಸಾದಾ ಗಾಜು ಕೊಯ್ದರೆ ಒಂದೇ ಗೆರೆ. ಜಾಳಿ ಗ್ಲಾಸಿನ ಗಾಯ ಹರಿದ ಬಟ್ಟೆ ಹಾಗೆ ಇರುತ್ತದೆ.

ಹಾಗಾಗಿ ಮಕ್ಕಳು ಓಡಾಡುವ ಬಾಗಿಲಿಗೆ ಬೇಡ ಅಂತ ನನ್ನ ಮಾತು. ಬೆಳಕಿಂಡಿ ಬೇರೆ ವಿಷಯ. ಇಳಿಜಾರು ಎಷ್ಟು ಕೊಡುತ್ತೀರಿ? ಸುತ್ತ ಕಬ್ಬಿಣದ ಚೌಕಟ್ಟಾ, ಅಲ್ಯೂಮಿನಿಯಮ್ಮಾ?

ಬೆಟಗೇರಿ

ಬೆಳಕಿಂಡಿ ವಿಷಯಕ್ಕೆ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಗದಗಿನ ಒಂದು ಹಳೆ ಹತ್ತಿ ಜಿನ್ನಿನಲ್ಲಿ ನಮ್ಮ ಕಾಕಾ ಕೆಲಸಕ್ಕಿದ್ದರು. ಗರಗಸದ ಹಲ್ಲಿನಂಥ ಮಾಡು. ಒಂದು ಬದಿ ತಗಡು, ಇನ್ನೊಂದು ಬದಿ ಜಾಳಿ ಗ್ಲಾಸು. ಹತ್ತಿ ಇರುವ ಕಡೆ ಬೆಂಕಿ ಭಯ, ಜೊತೆಗೆ ಮೇಲಿಂದ ಗಾಜು ಕಳಚಿ ಕೆಳಗಿನವರ ತಲೆ ಮೇಲೆ ಬೀಳಬಾರದು. ಆಗ ಅದಕ್ಕೆ ಬೇರೆ ಉಪಾಯವೂ ಇರಲಿಲ್ಲ ಅಲ್ವಾ?

ಜಿನ್ ಮುಚ್ಚಿದ ಮೇಲೆ ಸಾಮಾನು ಇಳಿಸುವಾಗ ಹತ್ತಿರದಿಂದ ನೋಡಿದೆ. ಗಾಜಿನ ನಡುಭಾಗ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಅಂಚು. ಲಾಂಬಿ (ಗಾಜು ಕೂರಿಸುವ ಪುಟ್ಟಿ) ಒಣಗಿ ಉದುರಿದ ಕಡೆ ಮಳೆ ನೀರು ಹೋಗಿ ತಂತಿಯ ತುದಿ ತುಕ್ಕು ಹಿಡಿದಿತ್ತು. ತುಕ್ಕು ಉಬ್ಬುತ್ತದೆ, ಗಾಜು ಜಾಗ ಕೊಡುವುದಿಲ್ಲ. ಪ್ರತಿ ತಂತಿಯ ತುದಿಯಿಂದ ಉಗುರಿನಾಕಾರದ ಒಂದೊಂದು ಬಿರುಕು, ಸುತ್ತ ಚಹಾ ಬಣ್ಣ. ಕೆಲವು ಬಿರುಕು ಅಡ್ಡಕ್ಕೆ ಪೂರ್ತಿ ಓಡಿದ್ದವು. ಆದರೂ ಒಂದು ತುಂಡೂ ಕಳಚಿ ಬಿದ್ದಿರಲಿಲ್ಲ, ಅದನ್ನು ಹೇಳಲೇಬೇಕು.

ಉಣಕಲ್ ಸಿವಿಲ್

ಇಪ್ಪತ್ತು ವರ್ಷ ಸೈಟ್‌ನಲ್ಲಿದ್ದೆ, ಈಗ ಪಾಠ ಹೇಳುತ್ತೇನೆ. "ಸ್ಲ್ಯಾಬಿನೊಳಗೆ ರಾಡ್ ಇದ್ದ ಹಾಗೆ" ಅನ್ನುವ ಮಾತು ನನ್ನ ವಿದ್ಯಾರ್ಥಿಗಳೂ ಹೇಳುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ, ಆದರೆ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸ್ಲ್ಯಾಬಿನಲ್ಲಿ ಕಾಂಕ್ರೀಟ್ ಒತ್ತಡ ತಡೆಯುತ್ತದೆ, ರಾಡು ಎಳೆತ ತಡೆಯುತ್ತದೆ. ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ರಾಡು ಭಾರ ಹೊರುತ್ತದೆ. ಎಳೆತ ಎಲ್ಲಿ ಬರುತ್ತದೋ ಅಲ್ಲಿ, ಬೇಕಾದಷ್ಟು ದಪ್ಪದ ರಾಡು ಲೆಕ್ಕ ಹಾಕಿ ಇಟ್ಟಿರುತ್ತೇವೆ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಜಾಳಿ ಗ್ಲಾಸಿನ ತಂತಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅದೂ ಗಾಜಿನ ನಡುಮಧ್ಯೆ. ಗಾಜು ಬಾಗಿದಾಗ ಎಳೆತ ಬರುವುದು ಮೇಲ್ಮೈಯಲ್ಲಿ, ನಡುವೆ ಅಲ್ಲ. ಗಾಜು ಒಡೆಯುವ ತನಕ ತಂತಿಗೆ ಕೆಲಸವೇ ಇಲ್ಲ. ಅಷ್ಟೇ ಅಲ್ಲ, ಗಾಜಿಗಿಂತ ಉಕ್ಕು ಜಾಸ್ತಿ ಹಿಗ್ಗುತ್ತದೆ. ತಂತಿಯ ಸುತ್ತ ಸಣ್ಣ ಸಣ್ಣ ದೋಷ ಉಳಿಯುತ್ತದೆ. ಹಾಗಾಗಿ ಅದೇ ದಪ್ಪದ ಸಾದಾ ಗಾಜಿಗೆ ಹೋಲಿಸಿದರೆ ಜಾಳಿ ಗ್ಲಾಸಿನ ಬಲ ಸುಮಾರು ಅರ್ಧ. ಗೋಕುಲ ರೋಡ್ ಅಣ್ಣನವರ ಕೈಗೆ ಗೊತ್ತಾದದ್ದು ಇದೇ.

ಹಾಗಾದರೆ ತಂತಿ ಯಾಕೆ ಹಾಕಿದರು? ಒಡೆದ ಮೇಲೆ ತುಂಡುಗಳನ್ನು ಹಿಡಿದು ನಿಲ್ಲಿಸಲು. ಫಿಲಡೆಲ್ಫಿಯಾದ ಫ್ರಾಂಕ್ ಶೂಮನ್ ಅನ್ನುವವರು 1892ರಲ್ಲಿ ಇದರ ಪೇಟೆಂಟ್ ಪಡೆದರು. ಬಿಸಿ ಗಾಜನ್ನು ರೋಲರ್‌ಗಳ ಅಡಿ ಚಪಾತಿ ಲಟ್ಟಿಸಿದ ಹಾಗೆ ಹರಡುತ್ತಾ, ಅದರೊಳಗೆ ತಂತಿ ಬಲೆ ಒತ್ತುವ ವಿಧಾನ. ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿ 1898ರಲ್ಲಿ ಶುರು ಮಾಡಿತು. ಇದೇ ಶೂಮನ್ 1913ರಲ್ಲಿ ಈಜಿಪ್ಟಿನಲ್ಲಿ ಬಿಸಿಲಿನಿಂದ ಉಗಿ ಮಾಡಿ, ನೈಲ್ ನದಿಯ ನೀರನ್ನು ಹತ್ತಿ ಹೊಲಕ್ಕೆ ಎತ್ತುವ ಯಂತ್ರ ಕಟ್ಟಿದರು. ಹತ್ತಿ ನಾಡಿನವರಾದ ನಮಗೆ ಇದು ಗೊತ್ತಿರಲಿ ಅಂತ ಬರೆದೆ.

ಬೆಂಕಿ ಹತ್ತಿದಾಗ ಸಾದಾ ಗಾಜು ಕೆಲವೇ ನಿಮಿಷದಲ್ಲಿ ಸೀಳಿ ಉದುರುತ್ತದೆ. ಆ ತೂತಿನಿಂದ ಹೊಗೆ, ಜ್ವಾಲೆ ಪಕ್ಕದ ಕೋಣೆಗೆ ನುಗ್ಗುತ್ತದೆ. ಜಾಳಿ ಗ್ಲಾಸೂ ಸೀಳುತ್ತದೆ, ಆದರೆ ಉದುರುವುದಿಲ್ಲ. ಉಕ್ಕಿನ ಚೌಕಟ್ಟಿನಲ್ಲಿ ಸರಿಯಾಗಿ ಕೂರಿಸಿದ್ದರೆ ಅರ್ಧ ಗಂಟೆ, ಕೆಲವು ಸಲ ಅದಕ್ಕೂ ಜಾಸ್ತಿ ತಡೆಯುತ್ತದೆ. ತಪ್ಪಿಸಿಕೊಳ್ಳುವವರಿಗೆ ಅಷ್ಟು ಹೊತ್ತು ಬಹಳ ದೊಡ್ಡದು. ಆದರೆ ಕಾವು ಮಾತ್ರ ದಾಟಿ ಬರುತ್ತದೆ. ಆಚೆ ಉರಿಯುತ್ತಿದ್ದರೆ ಈಚೆ ಗಾಜಿನ ಹತ್ತಿರ ನಿಲ್ಲಲು ಆಗುವುದಿಲ್ಲ.

ಇದು ಬೆಂಕಿಗಾಗಿ ಮಾಡಿದ ಗಾಜು. ಮನುಷ್ಯರು ಡಿಕ್ಕಿ ಹೊಡೆಯುವ ಜಾಗಕ್ಕೆ ಮಾಡಿದ್ದಲ್ಲ.

ರಾಣೆಬೆನ್ನೂರು ಪೇಟೆ

ಸರ್, ನೀವು ಹೇಳಿದ್ದು ಓದಲು ಸರಿ ಇದೆ. ಆದರೆ ನಮ್ಮ ಅಂಗಡಿಯ ಹಿಂಬಾಗಿಲಿಗೆ 15 ವರ್ಷದಿಂದ ಜಾಳಿ ಗ್ಲಾಸೇ ಇದೆ. ಎರಡು ಸಲ ಆಣೆಕಲ್ಲು ಮಳೆ ಹೊಡೆದಿದೆ. ಹಮಾಲರು ದಿನಾ ಮೂಟೆ ಹೊತ್ತು ಅದೇ ಬಾಗಿಲಲ್ಲಿ ಓಡಾಡುತ್ತಾರೆ. ಇವತ್ತಿನವರೆಗೆ ಏನೂ ಆಗಿಲ್ಲ. ಸುಮ್ನೆ ಜನರನ್ನು ಹೆದರಿಸಿ ಖರ್ಚು ಜಾಸ್ತಿ ಮಾಡಿಸಬಾರದು ಅಂತ ನನ್ನ ಅಭಿಪ್ರಾಯ. ಕಳ್ಳರಿಗೂ ಒಡೆಯಲು ಕಷ್ಟ.

ಹಾವೇರಿ ತಂದೆ

ಇಲ್ಲಿ ಬರೆಯುವುದಾ ಬೇಡವಾ ಅಂತ ಎರಡು ದಿನ ಯೋಚಿಸಿದೆ. ರಾಣೆಬೆನ್ನೂರಿನವರ ಮಾತು ಓದಿದ ಮೇಲೆ ಬರೆಯಲೇಬೇಕು ಅನ್ನಿಸಿತು. ಅವರ ಮೇಲೆ ಸಿಟ್ಟಿಲ್ಲ. ಮೂರು ವರ್ಷದ ಹಿಂದೆ ನಾನೂ ಇದನ್ನೇ ಹೇಳುತ್ತಿದ್ದೆ.

ನನ್ನ ಮಗ ಒಂಬತ್ತನೇ ಕ್ಲಾಸಿನಲ್ಲಿ ಹಾಸ್ಟೆಲ್‌ನಲ್ಲಿದ್ದ. ಸಂಜೆ ಪ್ರಾರ್ಥನೆಯ ಗಂಟೆ ಹೊಡೆಯಿತು, ಹುಡುಗರೆಲ್ಲ ಓಡಿದರು. ಮುಂದಿನವನು ದಾಟಿದ ಮೇಲೆ ಬಾಗಿಲು ತಿರುಗಿ ಬಂತು. ತಡೆಯಲು ನನ್ನ ಮಗ ಬಲಗೈ ಚಾಚಿದ. ಅಂಗೈ ಬಿದ್ದದ್ದು ಗಾಜಿನ ಮೇಲೆ. ಅಷ್ಟೇ. ಕಲ್ಲು ಹೊಡೆದಿಲ್ಲ, ಗುದ್ದಿಲ್ಲ, ಬಾಗಿಲು ತಡೆಯಲು ಚಾಚಿದ ಕೈ. ಅದು ಮೊಣಕೈವರೆಗೆ ಒಳಗೆ ಹೋಯಿತು.

ಹೋದಾಗ ಆದ ಗಾಯ ಸಣ್ಣದು ಅಂತ ಆಮೇಲೆ ಡಾಕ್ಟರ್ ಹೇಳಿದರು. ನೋವಿಗೆ ಅವನು ಕೈ ಹಿಂದಕ್ಕೆ ಎಳೆದುಕೊಂಡ. ಯಾರಾದರೂ ಎಳೆದುಕೊಳ್ಳುತ್ತಾರೆ. ತಂತಿಯ ತುದಿಗಳೆಲ್ಲ ಒಳಮುಖವಾಗಿ ಬಾಗಿದ್ದವು, ಅವು ಬಿಡಲಿಲ್ಲ. ಮೀನಿನ ಗಾಳ ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ, ಹಾಗೆ. ಮಣಿಕಟ್ಟಿನ ಹತ್ತಿರ ಎರಡು ಸ್ನಾಯುರಜ್ಜು ತುಂಡಾಗಿದ್ದವು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಒಂದು ವರ್ಷ ಫಿಸಿಯೋಥೆರಪಿ. ಈಗ ಪೆನ್ನು ಹಿಡಿಯುತ್ತಾನೆ, ಬರೆಯುತ್ತಾನೆ. ಉಂಗುರ ಬೆರಳು, ಕಿರುಬೆರಳು ಪೂರ್ತಿ ಮಡಚುವುದಿಲ್ಲ. ಕಬಡ್ಡಿ ಬಿಟ್ಟ.

ಮರುದಿನ ನಾನು ಆ ಬಾಗಿಲು ನೋಡಲು ಹೋದೆ. ಗಾಜು ಇನ್ನೂ ಚೌಕಟ್ಟಿನಲ್ಲೇ ನಿಂತಿತ್ತು. ನಡುವೆ ಕೈ ಹೋದಷ್ಟೇ ತೂತು. ಸುತ್ತ ಬಾಗಿದ ತಂತಿ. ಒಂದು ತಂತಿಯ ತುದಿಯಲ್ಲಿ ಅವನ ಅಂಗಿ ತೋಳಿನ ನೀಲಿ ದಾರ ಸಿಕ್ಕಿಕೊಂಡಿತ್ತು. ಅದು ಇನ್ನೂ ನನ್ನ ಕಣ್ಣ ಮುಂದಿದೆ.

ಹಾಸ್ಟೆಲ್‌ನವರು ಕೆಟ್ಟವರಲ್ಲ. ಮಕ್ಕಳಿರುವ ಜಾಗ, ಸೇಫ್ ಇರಲಿ ಅಂತಲೇ ಸಾದಾ ಗಾಜಿಗಿಂತ ಜಾಸ್ತಿ ದುಡ್ಡು ಕೊಟ್ಟು ಅದನ್ನು ಹಾಕಿಸಿದ್ದರು. ನನಗೆ ಜಾಸ್ತಿ ನೋವು ಅದೇ. ಸಪ್ತಾಪುರದವರೇ, ಆ ಮೆಟ್ಟಿಲ ಬಾಗಿಲಿಗೆ ದಯವಿಟ್ಟು ಇದನ್ನು ಹಾಕಿಸಬೇಡಿ.

ಕೇಶ್ವಾಪುರ ಸಿಸ್ಟರ್

ಅಣ್ಣಾ, ಓದಿ ಕರುಳು ಹಿಂಡಿತು. ಮಗ ಬರೆಯುವ ಹಾಗಾದನಲ್ಲ, ಅದು ದೊಡ್ಡದು.

ಅಪಘಾತ ವಿಭಾಗದಲ್ಲಿ ಕೆಲಸ ಮಾಡುವ ನರ್ಸ್ ನಾನು. ಎಲ್ಲರಿಗೂ ಒಂದೆರಡು ಮಾತು. ಕೈ ಗಾಜಿನಲ್ಲಿ ಸಿಕ್ಕಿಕೊಂಡರೆ ಎಳೆಯಲು ಬಿಡಬೇಡಿ. ಪಕ್ಕದವರು ಆ ಕೈಯನ್ನು ಅಲುಗದ ಹಾಗೆ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಇಕ್ಕಳ ತಂದು ತಂತಿ ಕತ್ತರಿಸಬೇಕು. ಗಾಯದೊಳಗೆ ಗಾಜಿನ ಚೂರು ಇದ್ದರೆ ಕೀಳಬೇಡಿ, ಅದರ ಎರಡೂ ಬದಿ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕೈ ಎದೆಗಿಂತ ಮೇಲಿರಲಿ. 108ಕ್ಕೆ ಫೋನ್ ಮಾಡಿ. ಅರಿಶಿನ, ಕಾಫಿಪುಡಿ ಹಾಕಬೇಡಿ. ಬೆರಳು ಮಡಚಲು ಬರುತ್ತಿಲ್ಲ, ಅಥವಾ ಜೋಮು ಹಿಡಿದ ಹಾಗಿದೆ ಅಂದರೆ ಅದನ್ನು ಡಾಕ್ಟರ್‌ಗೆ ಮೊದಲೇ ಹೇಳಿ. ಗಾಯ ನೋಡಲು ಸಣ್ಣದಿದ್ದರೂ ಒಳಗೆ ನರ, ಸ್ನಾಯುರಜ್ಜು ಕಡಿದಿರಬಹುದು.

ಉಣಕಲ್ ಸಿವಿಲ್

ಹಾವೇರಿಯವರು ಬರೆದದ್ದು ಒಬ್ಬರ ಮನೆಯ ಕಥೆ ಅಲ್ಲ. ಅಮೆರಿಕದ ಶಾಲೆ, ಜಿಮ್‌ಗಳಲ್ಲಿ ಇಂಥವೇ ಗಾಯ ಆಗಿ, ತಂದೆತಾಯಂದಿರು ಹೋರಾಡಿ ನಿಯಮ ಬದಲಾಯಿಸಿದರು. ಅಲ್ಲಿ ಬಾಗಿಲ ಗಾಜಿಗೆ ಒಂದು ಪರೀಕ್ಷೆ ಇದೆ. 45 ಕೆಜಿಯಷ್ಟು ಸೀಸದ ಗುಂಡು ತುಂಬಿದ ಚೀಲವನ್ನು ಉಯ್ಯಾಲೆ ಹಾಗೆ ತೂಗಿ ಗಾಜಿಗೆ ಹೊಡೆಸುತ್ತಾರೆ. ದೊಡ್ಡ ಗಾಜಾದರೆ ಚೀಲವನ್ನು ನಾಲ್ಕು ಅಡಿ ಮೇಲಿಂದ ಬಿಡಬೇಕು. ಬೆಂಕಿಗೆ ಬೇರೆ ಗಾಜು ಇಲ್ಲ ಅನ್ನುವ ಕಾರಣಕ್ಕೆ 1977ರಲ್ಲಿ ಜಾಳಿ ಗ್ಲಾಸಿಗೆ ವಿನಾಯಿತಿ ಕೊಟ್ಟರು. ಅದು ಒಂದು ಅಡಿ ಎತ್ತರದ ಹೊಡೆತ ತಡೆದರೆ ಸಾಕಾಗಿತ್ತು. ಆ ವಿನಾಯಿತಿಯಲ್ಲೇ ಎಷ್ಟೋ ವರ್ಷ ಶಾಲೆಗಳ ಬಾಗಿಲಿಗೆ ಅದು ಬಂದು ಕೂತಿತು. ಅಲ್ಲಿನ ಕಟ್ಟಡ ಸಂಹಿತೆ 2003ರಲ್ಲಿ ಶಾಲೆ ಮತ್ತು ಆಟದ ಕಟ್ಟಡಗಳಲ್ಲಿ, 2006ರಲ್ಲಿ ಎಲ್ಲ ಕಟ್ಟಡಗಳಲ್ಲೂ ಜನ ಡಿಕ್ಕಿ ಹೊಡೆಯುವ ಜಾಗದಲ್ಲಿ ಸಾದಾ ಜಾಳಿ ಗ್ಲಾಸನ್ನು ನಿಲ್ಲಿಸಿತು.

ನಮ್ಮಲ್ಲಿ ಜಾಳಿ ಗ್ಲಾಸಿನ ಇಂಡಿಯನ್ ಸ್ಟ್ಯಾಂಡರ್ಡ್ (ಐಎಸ್) 5437. ಸುರಕ್ಷತಾ ಗಾಜು, ಅಂದರೆ ಟಫನ್ (ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ್ದು) ಮತ್ತು ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ್ದು), ಬೇರೆಯೇ: ಐಎಸ್ 2553ರ ಮೊದಲ ಭಾಗ. ಕಟ್ಟಡದಲ್ಲಿ ಯಾವ ಗಾಜು ಎಲ್ಲಿ ಅನ್ನುವುದಕ್ಕೆ ಐಎಸ್ 16231 ಇದೆ, ಮನುಷ್ಯರು ಡಿಕ್ಕಿ ಹೊಡೆಯುವ ವಿಷಯಕ್ಕೆ ಅದರ ನಾಲ್ಕನೇ ಭಾಗ. ಅಂಗಡಿಯಲ್ಲಿ "ಸೇಫ್ಟಿ ಗ್ಲಾಸ್" ಅಂದರೆ ಒಪ್ಪಬೇಡಿ. ಮೂಲೆಯಲ್ಲಿ 2553ರ ಐಎಸ್‌ಐ ಗುರುತು ತೋರಿಸಿ ಅನ್ನಿ.

ಸಪ್ತಾಪುರ ಹಳೆಮನೆ

ಹಾವೇರಿಯವರೇ, ನಿಮ್ಮ ಪೋಸ್ಟನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಗುತ್ತಿಗೆದಾರರಿಗೂ ತೋರಿಸಿದೆ. ಅವರು ಸುಮ್ಮನೆ ಕೂತು ಪೂರ್ತಿ ಓದಿದರು. ಅವರ ಮಗನೂ ಒಂಬತ್ತನೇ ಕ್ಲಾಸು. ಬಾಗಿಲಿಗೆ ಜಾಳಿ ಗ್ಲಾಸ್ ಇಲ್ಲ, ಅದು ಮುಗಿಯಿತು.

ಆದರೆ ಸರ್, ಬೆಂಕಿ ವಿಷಯ ಏನು ಮಾಡಲಿ? ಮೇಲೆ ಮಕ್ಕಳಿರುತ್ತಾರೆ, ಕೆಳಗೆ ಅಡುಗೆಮನೆ. ಟಫನ್ ಹಾಕಿದರೆ ಬೆಂಕಿಗೆ ನಿಲ್ಲುತ್ತದಾ?

ಉಣಕಲ್ ಸಿವಿಲ್

ಸಾಮಾನ್ಯ ಟಫನ್ ನಿಲ್ಲುವುದಿಲ್ಲ. ಅದು ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ಒಡೆದರೆ ಕಲ್ಲುಸಕ್ಕರೆ ಹರಳಿನ ಹಾಗೆ ಚೂರಾಗುತ್ತದೆ, ಆಳವಾಗಿ ಕೊಯ್ಯುವುದಿಲ್ಲ. ಆದರೆ ಬೆಂಕಿಗೆ ಒಂದೇ ಸಲ ಪೂರ್ತಿ ಉದುರಿ ಬಾಗಿಲಲ್ಲಿ ಕಿಟಕಿ ತೆರೆದ ಹಾಗಾಗುತ್ತದೆ. ಹೊಡೆತ, ಬೆಂಕಿ ಎರಡನ್ನೂ ತಡೆಯುವ ಗಾಜು ಈಗ ಬಂದಿವೆ. ಕಾದರೂ ಹೆಚ್ಚು ಹಿಗ್ಗದ ಸೆರಾಮಿಕ್ ಗಾಜನ್ನು ಲ್ಯಾಮಿನೇಟ್ ಮಾಡಿದ್ದು ಒಂದು. ಕಾವು ತಗುಲಿದಾಗ ಒಳಗಿನ ಪದರ ಹಾಲುಕ್ಕಿದ ಹಾಗೆ ಉಬ್ಬಿ ಬೆಳ್ಳಗಾಗುವುದು ಇನ್ನೊಂದು, ಅದು ಕಾವನ್ನೂ ತಡೆಯುತ್ತದೆ. ಎರಡೂ ದುಬಾರಿ.

ನಿಮ್ಮ ಮನೆಗೆ ನಾನಾದರೆ ಬಾಗಿಲಲ್ಲಿ ಗಾಜೇ ಬೇಡ ಅನ್ನುತ್ತೇನೆ. ಪರೀಕ್ಷೆಯಾದ ಬೆಂಕಿ ಬಾಗಿಲನ್ನು ಚೌಕಟ್ಟು ಸಮೇತ ತನ್ನಿ. ಬಾಗಿಲು, ಚೌಕಟ್ಟು, ಅಂಚಿನ ಪಟ್ಟಿ, ಕೀಲು ಎಲ್ಲವನ್ನೂ ಸೇರಿಸಿ ಪರೀಕ್ಷೆ ಮಾಡಿರುತ್ತಾರೆ. ಬೇರೆ ಬೇರೆ ಕಡೆ ತಂದು ಜೋಡಿಸಿದರೆ, ಇಷ್ಟು ಹೊತ್ತು ಬೆಂಕಿ ತಡೆಯುತ್ತದೆ ಅನ್ನುವ ರೇಟಿಂಗ್‌ಗೆ ಅರ್ಥ ಇಲ್ಲ. ಆಚೆ ಯಾರಿದ್ದಾರೆ ಅಂತ ಕಾಣಬೇಕಿದ್ದರೆ ಕಣ್ಣಿನ ಮಟ್ಟದಲ್ಲಿ ಸಣ್ಣ ಕಿಂಡಿ ಇರುವ ಬಾಗಿಲೇ ಸಿಗುತ್ತದೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ಟ್ಯೂಷನ್‌ನವರು ಗಾಳಿಗೆ ಅಂತ ಅದಕ್ಕೆ ಇಟ್ಟಿಗೆ ಕೊಟ್ಟು ನಿಲ್ಲಿಸದ ಹಾಗೆ ನೋಡಿಕೊಳ್ಳಿ. ಹೊಗೆ ಬಂದರೆ ಆ ಇಟ್ಟಿಗೆಯೇ ಶತ್ರು. ಮಕ್ಕಳು ಇಳಿಯಲು ಇನ್ನೊಂದು ದಾರಿ ಇದೆಯಾ ಅನ್ನುವುದನ್ನೂ ಯೋಚಿಸಿ, ಗಾಜಿಗಿಂತ ಮೊದಲು ಯೋಚಿಸಬೇಕಾದದ್ದು ಅದು.

ಗೋಕುಲ ರೋಡ್ ಗ್ಲಾಸ್ ಕೆಲಸ

ಬೆಳಕಿಂಡಿಗೆ ನಾನು ಹೇಳುತ್ತೇನೆ. ಬೆಟಗೇರಿಯವರು ಹೇಳಿದ ಹಾಗೆ ಒಡೆದರೂ ಕಳಚಿ ಬೀಳದ ಗುಣ ಜಾಳಿ ಗ್ಲಾಸಿಗಿದೆ, ಆದರೆ ಮಂಗ ಹಾರಿದರೆ ಒಡೆಯಬಹುದು. ಆಮೇಲೆ ಅಡ್ಡಮಳೆ ನೀರೆಲ್ಲ ನಿಮ್ಮ ಪಡಸಾಲೆಗೆ. ಲ್ಯಾಮಿನೇಟೆಡ್ ಹಾಕಿಸಿ. ಎರಡು ಗಾಜಿನ ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಕಾರಿನ ಮುಂದಿನ ಗಾಜಿನ ಹಾಗೆ. ಒಡೆದರೂ ಹಾಳೆಗೆ ಅಂಟಿಕೊಂಡಿರುತ್ತದೆ. 6 ಎಂಎಂ ಎರಡು, ನಡುವೆ 1.52 ಎಂಎಂ ಹಾಳೆ. ಮೇಲಿನದು ಟಫನ್, ಕೆಳಗಿನದು ಹೀಟ್ ಸ್ಟ್ರೆಂತನ್ಡ್ (ಟಫನ್‌ಗಿಂತ ಕಡಿಮೆ ಗಟ್ಟಿ, ಒಡೆದರೆ ದೊಡ್ಡ ತುಂಡಾಗುವುದು) ಇರಲಿ. ಎರಡೂ ಟಫನ್ ಆದರೆ, ಎರಡೂ ಒಡೆದಾಗ ಒದ್ದೆ ಕಂಬಳಿ ಹಾಗೆ ಜೋತು ಬೀಳುತ್ತದೆ.

ಭಾರ ಲೆಕ್ಕ ಹಾಕಿ. ಒಂದು ಚದರ ಮೀಟರ್ ಗಾಜು ಪ್ರತಿ ಎಂಎಂಗೆ ಎರಡೂವರೆ ಕೆಜಿ. ನಿಮ್ಮ ಅಳತೆಗೆ ಸುಮಾರು 33 ಕೆಜಿ ಬರುತ್ತದೆ. ಚೌಕಟ್ಟು ಅದಕ್ಕೆ ತಕ್ಕ ಹಾಗೆ ಇರಲಿ, ನೀರು ನಿಲ್ಲದಷ್ಟು ಇಳಿಜಾರು ಇರಲಿ. ಗಾಜು ನೇರ ಕಬ್ಬಿಣದ ಮೇಲೆ ಕೂರಬಾರದು, ಕೆಳಗೆ ರಬ್ಬರ್ ತುಂಡು ಬೇಕು. ಎಲ್ಲಕ್ಕಿಂತ ಮುಖ್ಯ, ಚೌಕಟ್ಟು ಕೂರಿಸಿದ ಮೇಲೆ ಅಳತೆ ಕೊಡಿ. ಟಫನ್ ಆದ ಗಾಜನ್ನು ಆಮೇಲೆ ಒಂದು ಎಂಎಂ ಕೂಡ ಕತ್ತರಿಸಲು ಬರುವುದಿಲ್ಲ.

ರಾಣೆಬೆನ್ನೂರು ಪೇಟೆ

ಹಾವೇರಿ ಅಣ್ಣಾವ್ರೇ, ನನ್ನ ಮಾತಿನಿಂದ ನೋವಾಗಿದ್ದರೆ ಕ್ಷಮಿಸಿ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ನಮ್ಮ ಹಿಂಬಾಗಿಲು ನೋಡಿದೆ. ಕೆಳಗಿನ ಅಂಚಿನಲ್ಲಿ ಬೆಟಗೇರಿಯವರು ಹೇಳಿದ ಚಹಾ ಬಣ್ಣ ಇದೆ. ಎರಡು ಸಣ್ಣ ಬಿರುಕೂ ಇವೆ. ಹದಿನೈದು ವರ್ಷದಲ್ಲಿ ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಈ ತಿಂಗಳು ಬದಲಾಯಿಸಲು ಆಗುವುದಿಲ್ಲ. ಅಲ್ಲಿವರೆಗೆ ಏನು ಮಾಡಲಿ?

ಗೋಕುಲ ರೋಡ್ ಗ್ಲಾಸ್ ಕೆಲಸ

ಕೈ ತಾಗುವ ಎತ್ತರಕ್ಕೆ ಬಾಗಿಲಿನ ಎರಡೂ ಬದಿ ಅಡ್ಡಪಟ್ಟಿ ಹೊಡೆಸಿ. ಮರದ್ದಾದರೂ ಸಾಕು. ದೂಡುವ ಕೈ ಪಟ್ಟಿ ಮೇಲೆ ಬೀಳುತ್ತದೆ, ಗಾಜಿನ ಮೇಲೆ ಅಲ್ಲ. ಗಾಜಿಗೆ ಸೇಫ್ಟಿ ಫಿಲ್ಮ್ ಅಂಟಿಸಿ. ಬಿಸಿಲಿಗೆ ಹಾಕುವ ಕಪ್ಪು ಫಿಲ್ಮ್ ಅಲ್ಲ, ಗಾಜು ಹಿಡಿದಿಡುವ ದಪ್ಪ ಫಿಲ್ಮ್. ಅಂಚಿನವರೆಗೂ ಬರಬೇಕು. ಬಿರುಕು ಬಿಟ್ಟ ಗಾಜಿಗೆ ಇದು ಸ್ವಲ್ಪ ದಿನದ ಉಪಾಯ ಮಾತ್ರ, ಮರೆತುಬಿಡಬೇಡಿ.

ಹಾವೇರಿ ತಂದೆ

ಕ್ಷಮೆ ಯಾಕೆ ಅಣ್ಣಾ, ನೀವು ಟಾರ್ಚ್ ಹಿಡಿದು ನೋಡಿದಿರಲ್ಲ, ಅಷ್ಟು ಸಾಕು.

ಗೋಕುಲ ರೋಡ್ ಅಣ್ಣಾ, ನಿಮ್ಮಲ್ಲಿ ಒಂದು ಕೇಳಬೇಕಿತ್ತು. ಆ ಹಾಸ್ಟೆಲ್‌ನಲ್ಲಿ ನನ್ನ ಮಗನ ಬಾಗಿಲು ಒಂದನ್ನೇ ಬದಲಾಯಿಸಿದ್ದಾರೆ. ಇನ್ನೂ ಐದು ಬಾಗಿಲಿಗೆ ಅದೇ ಗಾಜಿದೆ. ನಿನ್ನೆ ಹೋಗಿ ಮಾತಾಡಿದೆ. ಅರ್ಧ ಖರ್ಚು ನಾನು ಹಾಕುತ್ತೇನೆ ಅಂದೆ, ಒಪ್ಪಿದರು. ಉಣಕಲ್ ಸರ್ ಹೇಳಿದ ಹಾಗೆ ಕೇಳಿದೆ, ಅವು ಬೆಂಕಿ ಬಾಗಿಲಲ್ಲ, ಬರೀ ಕೋಣೆ ಬಾಗಿಲು. ಲ್ಯಾಮಿನೇಟೆಡ್ ಹಾಕಿದರೆ ನಡೆಯುತ್ತದಾ? ಅಳತೆ ಹೇಗೆ ಕೊಡಲಿ?

ಗೋಕುಲ ರೋಡ್ ಗ್ಲಾಸ್ ಕೆಲಸ

ನಡೆಯುತ್ತದೆ. 2553ರ ಗುರುತು ಇರುವುದೇ ಹಾಕೋಣ. ಗಾಜನ್ನು ಹಿಡಿದಿಟ್ಟ ಬೀಡಿಂಗ್ ಪಟ್ಟಿ ಬಿಚ್ಚಿಸಿ ಒಳಗಿನ ಗಾಡಿ (ಗಾಜು ಕೂರುವ ತೋಡು) ಅಳೆಯಿರಿ, ಹೊರಗಿನಿಂದ ಬೇಡ. ಅಗಲ ಮೂರು ಕಡೆ, ಎತ್ತರ ಮೂರು ಕಡೆ. ಹಳೆ ಬಾಗಿಲು ಮೂಲೆ ಸರಿ ಇರುವುದಿಲ್ಲ, ಮೂರರಲ್ಲಿ ಚಿಕ್ಕದನ್ನು ಬರೆಯಿರಿ. ಗಾಡಿಯ ಆಳವನ್ನೂ ಬರೆಯಿರಿ, ದಪ್ಪ ಅದರ ಮೇಲೆ ನಿಂತಿದೆ. ಐದೂ ಬಾಗಿಲಿಗೆ ನಂಬರ್ ಹಾಕಿ ಫೋಟೋ ಕಳಿಸಿ. ಹಳೆ ಗಾಜು ತೆಗೆಯುವಾಗ ಮಕ್ಕಳು ಹತ್ತಿರ ಇರಬಾರದು, ಭಾನುವಾರ ನಾನೇ ಹುಡುಗರನ್ನು ಕರೆದುಕೊಂಡು ಬರುತ್ತೇನೆ.